ಉಗುರಿನ ಗೆರೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವುದೋ ಕಾಲದಲ್ಲಿ ಕಬ್ಬಿಣದ ಕಪಾಟಿನ ಬಾಗಿಲಿಗೆ ಸಿಕ್ಕಿ ಒಡೆದದ್ದು ಮತ್ತೆ ಕೂಡಿಕೊಳ್ಳಲಿಲ್ಲ, ಎರಡು ಹೋಳಾಗಿಯೇ ಬೆಳೆಯಿತು. ಅದನ್ನು ಅವರು ಕತ್ತರಿಸದೆ ಚೂರು ಉದ್ದ ಬಿಟ್ಟಿದ್ದರು. ಸಹಿ ಹಾಕಬೇಕಾದ ಜಾಗ ತೋರಿಸುವಾಗ ಬೇರೆಯವರ ಹಾಗೆ ಪೆನ್ಸಿಲ್ಲಿನಿಂದ ಗುರುತು ಮಾಡುತ್ತಿರಲಿಲ್ಲ. ಆ ಉಗುರನ್ನು ಕಾಗದಕ್ಕೆ ಒತ್ತಿ ಎಡದಿಂದ ಬಲಕ್ಕೆ ಒಮ್ಮೆ ಎಳೆಯುತ್ತಿದ್ದರು. ಸೀಳುಗುರಾದ್ದರಿಂದ ಒಂದಲ್ಲ, ಅಂಟಿಕೊಂಡಂತೆ ಎರಡು ಗೆರೆ ಮೂಡುತ್ತಿದ್ದವು. ಮಸಿಯಿಲ್ಲದ ಗೆರೆಗಳು. ಕಾಗದವನ್ನು ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಂಥವು.

"ಇಲ್ಲಿ ನೋಡು, ಇದು ಗದ್ದೆ ಬದು. ಇದರ ಮೇಲೇ ನಡಿ, ಜಾರೂದಿಲ್ಲ," ಎನ್ನುತ್ತಿದ್ದರು.

ಕಾರವಾರದಲ್ಲಿ ನಾವು ಬಾಡಿಗೆಗಿದ್ದದ್ದು ಹಳೆಯ ಹೆಂಚಿನ ಮನೆಯೊಂದರ ಮಾಳಿಗೆಯಲ್ಲಿ. ಕೆಳಗೆ ಅವರು ಮತ್ತು ಮಾಮಿ. ಕೇರಿಗೆಲ್ಲ ಅವರು ಮಾಮಾ. ಅಂಕೋಲೆಯ ತವರಿನಲ್ಲಿ ನನಗೆ ಸ್ವಂತ ಮಾಮಂದಿರೇ ಮೂವರಿದ್ದುದರಿಂದ ನಾನು ಗುರುತಿಗೆಂದು ಕೆಳಮನೆ ಮಾಮಾ ಅಂದೆ. ಆಮೇಲೆ ಅದೇ ನಿಂತಿತು. ಒಬ್ಬ ವಕೀಲರ ಹತ್ತಿರ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಕೆಲಸ ಬಿಟ್ಟ ಮೇಲೆ ಜಗಲಿಯಲ್ಲಿ ಒಂದು ಮೇಜು, ಒಂದು ಟೈಪ್‌ರೈಟರು ಇಟ್ಟುಕೊಂಡು ಜನರ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುತ್ತಿದ್ದರು. ಬಿಣಗಾದ ಫ್ಯಾಕ್ಟರಿಯವರು, ಬಂದರಿನ ನೌಕರರು, ಹೈಸ್ಕೂಲಿನ ಮಾಸ್ತರರು ಬರುತ್ತಿದ್ದರು. ಜುಲೈ ತಿಂಗಳಲ್ಲಿ ಜಗಲಿಯ ಮೆಟ್ಟಿಲ ಮೇಲೆ ಒದ್ದೆ ಕೊಡೆಗಳ ಸಾಲು ಇರುತ್ತಿತ್ತು.

ಅವರ ಹತ್ತಿರ ಬರುವವರಿಗೆ ಒಂದೇ ಕಿರಿಕಿರಿ. ಯಾರ ಕಾಗದವೋ ಅವರೇ ಬಂದು ಮಾಮಾನ ಕಣ್ಣೆದುರು ಸಹಿ ಹಾಕಬೇಕು. ಹೆಂಡತಿಯ ಹೆಸರಿನಲ್ಲಿ ಏನಾದರೂ ಇದ್ದರೆ ಹೆಂಡತಿಯೇ ಬರಬೇಕು.

ಒಮ್ಮೆ ಫ್ಯಾಕ್ಟರಿಯವನೊಬ್ಬನ ಜೊತೆ ನಡೆದ ಮಾತು ಮಾಳಿಗೆಯ ಕಿಟಕಿಗೇ ಕೇಳಿಸಿತ್ತು.

"ಹೆಂಡ್ತಿ ಎಲ್ಲಿ?"

"ಮನೇಲಿ ಅದೆ ಮಾಮಾ, ಮೀನು ಹೆಚ್ಚೂಕೆ ಕೂತದೆ. ಕೊಡಿ ಇಲ್ಲಿ, ನಾನೇ ಹಾಕ್ತೆ. ಯಾವಾಗ್ಲೂ ನಾನೇ ಹಾಕೂದು."

"ನಿನ್ನ ಹಲ್ಲು ನೋವಾದ್ರೆ ಅದರ ಹಲ್ಲು ಕೀಳಿಸ್ತ್ಯಾ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾಮಾ!"

"ಅದನ್ನೇ ನಾನೂ ಕೇಳೂದು. ಮೀನು ಹೆಚ್ಚಿ ಆದ ಮೇಲೆ ಕರ್ಕೊಂಡು ಬಾ. ಕೈ ತೊಳ್ದಿದ್ರೆ ಆಯ್ತು."

ಒಳಗಿನಿಂದ ಮಾಮಿಯ ದನಿ ಬಂತು. "ನಮ್ಮ ಮದುವೆ ದಿವಸ ಯಾರೂ ನನ್ನ ಸಹಿ ಕೇಳ್ಲಿಲ್ಲ. ಕೇಳಿದ್ರೆ ಈ ಮನೇಲಿ ಎಂತಕೆ ಇರ್ತಿದ್ದೆ?"

"ಹಾಗಾದ್ರೆ ಈಗ ಹಾಕು ಬಾರೆ," ಎಂದರು ಇವರು, ತಲೆಯೆತ್ತದೆ.

ನನಗೆ ಎರಡು ಹೆಸರು. ಅಂಕೋಲೆಯಲ್ಲಿ ಹುಟ್ಟಿದಾಗ ಇಟ್ಟದ್ದು ನಾಗವೇಣಿ. ಮದುವೆಯ ದಿನ ತಾಟಿನ ತುಂಬ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಬರೆದದ್ದು ಅನುರಾಧಾ. ನಮ್ಮಲ್ಲಿ ಇದು ಪದ್ಧತಿ, ಯಾರೂ ಹೆಚ್ಚು ಯೋಚಿಸುವುದಿಲ್ಲ. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಬ್ಯಾಂಕಿನ ಜಂಟಿ ಖಾತೆ ಎಲ್ಲವೂ ಅನುರಾಧಾ ಹೆಸರಿನಲ್ಲಿ. ಪದವಿಯ ಪ್ರಮಾಣಪತ್ರಗಳು ಮಾತ್ರ ಹಳೆಯ ಹೆಸರಿನಲ್ಲಿ ಉಳಿದಿದ್ದವು. ಪಾಸ್‌ಪೋರ್ಟ್ ಮಾಡಿಸುವಾಗ ಅವುಗಳನ್ನೇ ಕೊಟ್ಟದ್ದರಿಂದ ಅದರಲ್ಲೂ ನಾಗವೇಣಿಯೇ ಬಂದಳು. ಮನೆಯ ಕಾಗದಗಳಿಗೆ ಅನುರಾಧಾ ಎಂದು ನನ್ನ ಗಂಡನೇ ಸಹಿ ಹಾಕುತ್ತಿದ್ದ. ಅದರಲ್ಲಿ ದುರುದ್ದೇಶ ಏನೂ ಇರಲಿಲ್ಲ. ನನಗೆ ಮನೆಗೆಲಸದ ಅವಸರ, ಅವನಿಗೆ ಬ್ಯಾಂಕಿನಲ್ಲಿ ಗುರುತಿನವರು. ಹನ್ನೊಂದು ವರ್ಷದಲ್ಲಿ ಅವನ ಕೈಯ ಅನುರಾಧಾ ನನ್ನ ಕೈಯದಕ್ಕಿಂತ ಚೆಂದವಾಗಿದ್ದಳು.

ಕೆಳಮನೆ ಮಾಮಾ ಮೊದಲ ಭೇಟಿಯಲ್ಲೇ "ಹುಟ್ಟಿದ ಹೆಸರು ಎಂತದು?" ಎಂದು ಕೇಳಿದ್ದರು. ಹೇಳಿದೆ. "ಚಲೋ ಅದೆ. ಉದ್ದ ಅದೆ. ಸಹಿಗೆ ಉದ್ದ ಹೆಸರೇ ಬೇಕು, ಕಳ್ಳರಿಗೆ ಕೈ ನೋವು ಬರ್ತದೆ," ಅಂದರು. ಜನರೆದುರು ತಂಗಿ ಎನ್ನುತ್ತಿದ್ದವರು ಮೆಟ್ಟಿಲಲ್ಲಿ ಒಬ್ಬಳೇ ಸಿಕ್ಕರೆ ನಾಗವೇಣಿ ಎಂದೇ ಕರೆಯುತ್ತಿದ್ದರು. ತವರಿನ ಹೊರಗೆ ಆ ಹೆಸರಿನಿಂದ ಕರೆದವರು ಅವರೊಬ್ಬರೇ.

ನನ್ನ ಗಂಡ ಕಾರವಾರದ ಕಾಲೇಜೊಂದರಲ್ಲಿ ಪ್ರಾಧ್ಯಾಪಕ. ಕಾಳಿ ನದಿಯ ಮುಖದಲ್ಲಿ ಸಿಗುವ ಚಿಪ್ಪಿನ ಜೀವಿಗಳ ಮೇಲೆ ಅವನ ಕೆಲಸ. ಅದನ್ನು ನೋಡಿ ಅಮೆರಿಕದ ಒಂದು ವಿಶ್ವವಿದ್ಯಾಲಯ ವಿನಿಮಯ ಕಾರ್ಯಕ್ರಮದ ಮೇಲೆ ಕರೆಸಿಕೊಂಡಿತು. ಫೆಬ್ರವರಿಯಲ್ಲಿ ಹೋಗಿ ಡಿಸೆಂಬರಿನಲ್ಲಿ ಮರಳುವುದು. ಹೆಂಡತಿಯಾಗಿ ನಾನೂ ಹೋದೆ. ಅಲ್ಲಿ ಅನುಮತಿ ಪಡೆದು ಐದು ತಿಂಗಳು ಮಕ್ಕಳ ಗ್ರಂಥಾಲಯವೊಂದರಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡಿದೆ. ಮೊದಲ ಸಂಬಳದ ಚೀಟಿಯ ಮೇಲೆ ನಾಗವೇಣಿ ಎಂದು ಅಚ್ಚಾಗಿತ್ತು. ಅದನ್ನು ಹತ್ತಾರು ಸಲ ತೆಗೆದು ನೋಡಿದ್ದೆ.

ಊರಿಗೆ ಮರಳಿದ ಮೇಲೆ ನನಗೆ ಅಂಕೋಲೆಯ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಅದೇ ಹೊತ್ತಿಗೆ ಇನ್ನೊಂದು ಪತ್ರವೂ ಬಂತು. ವಿಜ್ಞಾನ ಕಲಿಸುವವರಿಗೆಂದು ಅಮೆರಿಕದಲ್ಲಿ ನಡೆಯುವ ಒಂದು ವರ್ಷದ ತರಬೇತಿಗೆ ನಾನು ಆಯ್ಕೆಯಾಗಿದ್ದೆ. ಈ ಸಲ ಯಾರ ಹೆಂಡತಿಯಾಗಿಯೂ ಅಲ್ಲ. ಜೂನ್‌ನಲ್ಲಿ ಚೆನ್ನೈನಲ್ಲಿ ವೀಸಾ ಸಂದರ್ಶನ. ಹಿಂದಿನ ಸಲ ಅಲ್ಲಿ ದುಡಿದದ್ದಕ್ಕೆ ತೆರಿಗೆಯ ರಿಟರ್ನನ್ನು ನಿಯಮದಂತೆ ಸಲ್ಲಿಸಿದ ದಾಖಲೆ ತರಬೇಕೆಂದು ಪತ್ರದಲ್ಲಿ ಬರೆದಿದ್ದರು. ಸಲ್ಲಿಸಲು ಏಪ್ರಿಲ್ ಹದಿನೈದು ಕೊನೆಯ ದಿನ. ಆ ದಿನದೊಳಗೆ ಲಕೋಟೆಯ ಮೇಲೆ ಅಂಚೆಯ ಮುದ್ರೆ ಬಿದ್ದಿರಬೇಕು.

ನನ್ನ ಗಂಡ ಅಲ್ಲಿಯ ಪ್ರಯೋಗಾಲಯದ ಗೆಳೆಯನನ್ನು ಇ-ಮೇಲ್‌ನಲ್ಲಿ ಕೇಳಿದ. ಆತ ಇಪ್ಪತ್ತು ವರ್ಷದಿಂದ ಅಲ್ಲೇ ನೆಲೆಸಿದವನು. 'ಗಂಡ ಹೆಂಡತಿ ಒಂದೇ ಫಾರ್ಮಿನಲ್ಲಿ ಒಟ್ಟಿಗೆ ಸಲ್ಲಿಸಿ, ಎಲ್ಲರೂ ಹಾಗೇ ಮಾಡುವುದು, ಲಾಭವೂ ಹೆಚ್ಚು' ಎಂದು ಬರೆದ. ನನ್ನ ಗಂಡ ಸೈಬರ್ ಕೆಫೆಯಿಂದ ಆ ಫಾರ್ಮು ತಂದು ತುಂಬಿದ. ಎರಡು ಸಹಿಗೆ ಜಾಗವಿತ್ತು. ಎರಡನ್ನೂ ಅವನೇ ಹಾಕಿದ. ಎರಡನೆಯದು, ಕೈ ತಾನಾಗಿ ಓಡಿದಂತೆ, ಅನುರಾಧಾ. ನಾನು ಕೋಣೆಯಲ್ಲೇ ಇದ್ದೆ. ಬಟ್ಟೆ ಮಡಿಸುತ್ತಿದ್ದೆ. ನೋಡಿದೆ, ಮುಂದಿನ ಬಟ್ಟೆ ಎತ್ತಿಕೊಂಡೆ.

ದೊಡ್ಡ ಲಕೋಟೆಗೆ ವಿಳಾಸ ಟೈಪ್ ಮಾಡಿಸಲೆಂದು ಅವನು ಅದನ್ನು ಕೆಳಗೆ ಒಯ್ದ. ಮಾಮಾ ವಿಳಾಸ ಹೊಡೆಯಲಿಲ್ಲ. ಕಾಗದವನ್ನು ಅಂಗೈಯಿಂದ ಸವರಿ ಸವರಿ ನೋಡಿ, "ಪ್ರೊಫೆಸರ್ರೆ, ಇದರ ಜೊತಿಗೆ ಹ್ಯಾಗೆ ತುಂಬೂದು ಅಂತ ಹೇಳೂ ಪುಸ್ತಕ ಇರ್ತದಲ, ಅದು ಅದೆಯಾ?" ಎಂದರು.

ಇತ್ತು. ಓದದೆ ಬಿಟ್ಟದ್ದು. ಅದನ್ನು ಅವರು ಮೂರು ದಿನ ಓದಿದರು. ಸಾಲಿನ ಕೆಳಗೆ ಮರದ ಪಟ್ಟಿ ಇಟ್ಟುಕೊಂಡು, ತುಟಿ ಅಲುಗಿಸುತ್ತ, ತಿಳಿಯದ ಕಡೆ ನನ್ನನ್ನು ಕರೆದು ಕೇಳುತ್ತ. ನಾಲ್ಕನೆಯ ದಿನ ಸಂಜೆ ಬಸ್ಸಿಳಿದು ಬಂದವಳನ್ನು ಜಗಲಿಯಲ್ಲೇ ನಿಲ್ಲಿಸಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿರಲಿಲ್ಲ.

"ತಂಗಿ, ಅಮೆರಿಕದ ಸರಕಾರವೂ ನನ್ನ ಹಾಂಗೇ ಹೇಳ್ತದೆ!"

ಪುಸ್ತಕದಲ್ಲಿದ್ದುದು ಇಷ್ಟು. ನಮ್ಮಂತೆ ವಿನಿಮಯ ವೀಸಾದ ಮೇಲೆ ಸಂಶೋಧನೆಗೆ ಹೋದವರೂ ಅವರ ಜೊತೆ ಹೋದವರೂ ಮೊದಲ ಎರಡು ವರ್ಷ ತೆರಿಗೆಯ ಮಟ್ಟಿಗೆ ಅಲ್ಲಿಯ ನಿವಾಸಿಗಳಲ್ಲ, ಬರಿಯ ಹೊರಗಿನವರು. ಹೊರಗಿನವರಾದ ಗಂಡ ಹೆಂಡತಿ ಒಂದೇ ಫಾರ್ಮಿನಲ್ಲಿ ಸೇರುವಂತಿಲ್ಲ. ಅವರಿಗೆ ಫಾರ್ಮೇ ಬೇರೆ, ತಲಾ ಒಂದು. ಎಷ್ಟು ದಿನ ಅಲ್ಲಿದ್ದೆವೆಂದು ಹೇಳುವ ಕಾಗದವೂ ತಲಾ ಒಂದು. ಸಹಿಯ ಮೇಲೆ ಒಂದು ಸಾಲು ಅಚ್ಚಾಗಿತ್ತು: ಇಲ್ಲಿ ಹೇಳಿದ್ದು ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂದು. ಆ ಸಾಲನ್ನು ಉಗುರಿನಿಂದ ತಟ್ಟಿ ಮಾಮಾ ಕೇಳಿದರು:

"ಇದರ ಕೆಳಗೆ ಇರೂದು ನಿನ್ನ ಸಹಿಯಾ?"

"ಅಲ್ಲ ಮಾಮಾ."

"ನಿನ್ನ ಹೆಸರಾ?"

ನಾನು ಹೆಗಲ ಚೀಲವನ್ನು ಮೇಜಿನ ಮೇಲಿಟ್ಟೆ.

"ಜೂನ್‌ನಲ್ಲಿ ಆ ಸಾಹೇಬನ ಎದುರು ಕೂತು, ಹೌದು ನಾನೇ ಹಾಕಿದ್ದು ಅಂತ ಹೇಳ್ತ್ಯಾ?"

ಮಾಳಿಗೆಯಲ್ಲಿ ಆ ರಾತ್ರಿ ಜಗಳವಾಯಿತು. "ಕಾರವಾರದ ಜಗಲಿಯಲ್ಲಿ ಕೂತು ಅಮೆರಿಕದ ಕಾಯ್ದೆ ಹೇಳ್ತಾರಂತೆ! ನಾಳೆ ಚಂದ್ರಲೋಕದ್ದೂ ಹೇಳ್ತಾರೆ," ಅಂದ ನನ್ನ ಗಂಡ. ನಾನು ಆ ಪುಟ ತೆರೆದು ಅವನ ಮುಂದಿಟ್ಟೆ. ಓದಿದ. ಪುಸ್ತಕ ಮುಚ್ಚಿಟ್ಟ. ಅವನು ಕೆಟ್ಟವನಲ್ಲ. ತಪ್ಪು ಕಂಡರೆ ಮೊದಲು ಸಿಟ್ಟು, ಆಮೇಲೆ ನಾಚಿಕೆ. ಮರುದಿನ ಅವನೇ ಸರಿಯಾದ ಫಾರ್ಮುಗಳನ್ನು ತಂದು ಕೂತ.

ಮಾಮಾ ಇಷ್ಟು ಹಠ ಹಿಡಿಯುವುದು ಯಾಕೆಂದು ನಾನು ಆ ವಾರದಲ್ಲೇ ಒಮ್ಮೆ ಕೇಳಿದೆ. ಮುರುಗಲ ಸರಬತ್ತಿನ ಲೋಟ ಹಿಡಿದು ಅವರು ರಸ್ತೆಯತ್ತ ತಿರುಗಿದರು.

"ಇಪ್ಪತ್ತೆರಡು ವರ್ಷ ನಂಗೆ ಆವಾಗ. ದೇವಬಾಗದ ಮೂರು ಮಂದಿ ಅಣ್ಣ ತಮ್ಮಂದಿರು ಹಕ್ಕು ಬಿಟ್ಟ ಪತ್ರ ತಂದ್ರು. ತಂಗಿ ಸಹಿ ಮನೇಲೇ ಹಾಕ್ಯದೆ, ನೀವು ಸಾಕ್ಷಿ ಹಾಕಿ ಸಾಕು ಅಂದ್ರು. ಹಾಕ್ದೆ. ಅದು ಸಹಿ ಹಾಕಿದ್ದು ನಾ ನೋಡಿದೆ ಅಂತ ಬರ್ದು ಹಾಕ್ದೆ. ತಿಂಗಳು ಬಿಟ್ಟು ಆ ತಂಗಿ ಹೊಳೆ ದಾಟಿ ಆಫೀಸಿಗೆ ಬಂತು. ಜಗಳ ಇಲ್ಲ, ಕೂಗೂದಿಲ್ಲ. ನಾನು ಸಹಿ ಹಾಕಿದ್ದು ನೀವು ನೋಡಿದ್ರಾ ಅಂತ ಕೇಳ್ತು. ಅಷ್ಟೇ. ಆಮೇಲೆ ಪ್ರತಿ ಸೋಮವಾರ ಬರೂದು, ಎದುರಿನ ಕಟ್ಟೆ ಮೇಲೆ ಕೂತು ನನ್ನ ನೋಡೂದು, ಸಂಜೆ ದೋಣಿಗೆ ಹೋಗೂದು."

"ಆಮೇಲೆ?"

"ಮಳೆಗಾಲ ಬಂತು. ಸೋಮವಾರ ಬಂತು. ಅದು ಬರ್ಲಿಲ್ಲ."

ಲೋಟ ಕೆಳಗಿಟ್ಟು ಅವರು ಟೈಪ್‌ರೈಟರಿಗೆ ಕಾಗದ ಸಿಕ್ಕಿಸಿದರು.

ಏಪ್ರಿಲ್ ಹದಿನಾಲ್ಕರಂದು ರಜೆ. ಆ ಸಂಜೆ ನನ್ನ ಗಂಡ ತನ್ನ ಕಾಗದಗಳಿಗೆ ಮಾಮಾನ ಎದುರು ಕೂತು ಸಹಿ ಹಾಕಿದ. ನನ್ನವನ್ನು ತೆಗೆದಾಗ ಮಾಮಾ ಪಾಸ್‌ಪೋರ್ಟ್ ಕೇಳಿ ಪಕ್ಕದಲ್ಲಿಟ್ಟುಕೊಂಡು ನೋಡಿದರು. ಫಾರ್ಮಿನ ಮೇಲೆ ಅನುರಾಧಾ ಎಂದಿತ್ತು. ತುಂಬುವಾಗ ನನ್ನ ಗಂಡ ಅಭ್ಯಾಸಬಲದಿಂದ ಮತ್ತೆ ಅದೇ ಹೆಸರು ಬರೆದಿದ್ದ. ಸೈಬರ್ ಕೆಫೆ ಮುಚ್ಚಿತ್ತು. ಮರುದಿನ ಬೆಳಗ್ಗೆ ಆರೂವರೆಗೆ ನಾನು ಅಂಕೋಲೆಯ ಬಸ್ಸು ಹಿಡಿಯಲೇಬೇಕು. ಪರೀಕ್ಷೆಯ ಮೇಲ್ವಿಚಾರಣೆ, ರಜೆ ಸಿಗುವಂತಿರಲಿಲ್ಲ. ನನ್ನ ಗಂಡನಿಗೆ ವಿದ್ಯಾರ್ಥಿಗಳ ಜೊತೆ ದೋಣಿಯಲ್ಲಿ ನದಿಗಿಳಿಯುವ ದಿನ.

"ಬೆಳಗ್ಗೆ ಹೊಸದು ತೆಗ್ದು, ಟೈಪ್ ಮಾಡಿ ನಾನೇ ಅಂಕೋಲೆಗೆ ತರ್ತೆ," ಅಂದರು ಮಾಮಾ. "ಅಲ್ಲೇ ಸಹಿ, ಅಲ್ಲೇ ಅಂಚೆ. ಈ ಸೀಸನ್ನಿನ ಈಶಾಡು ಮಾವು ಬಂದಿದ್ರೆ ಒಂದು ಡಜನ್ ನಂಗೆ. ಫೀ ಅದೇ."

"ಈ ಬಿಸಿಲಲ್ಲಿ ಎಂತಕೆ?" ಎಂದು ಮಾಮಿ ಗೊಣಗಿದರು. "ಅದರ ಗಂಡ ಹಾಕಿದ್ರೆ ಆಕಾಶ ಬೀಳ್ತದಾ?"

ಮಾಮಾ ಫೈಲಿನ ದಾರ ಕಟ್ಟಿದರು. ಮಾಮಿ ಈಗಲೂ ಆ ಮಾತನ್ನು ನೆನೆಸಿಕೊಂಡು, ತಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎನ್ನುತ್ತಾರೆ.

ಅವು ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿದ್ದ ವರ್ಷಗಳು. ನಮ್ಮ ಕಾಲೇಜು ಹೆದ್ದಾರಿಯ ಅಂಚಿಗೇ ಇತ್ತು. ತುಂಬಿದ ಲಾರಿಗಳು ಆಚೆ ಬದಿಯಿಂದ ಬಂದರಿನತ್ತ ಏದುಸಿರು ಬಿಡುತ್ತ ಹೋಗುತ್ತಿದ್ದವು. ಖಾಲಿಯಾದವು ನಮ್ಮ ಬದಿಯಿಂದ ಹಾರುತ್ತ ವಾಪಸ್ಸು ಬರುತ್ತಿದ್ದವು. ಗೇಟಿನ ಬಳಿಯ ಗಿಡಗಳ ಎಲೆ, ಸೂಚನಾಫಲಕ, ಹುಡುಗಿಯರ ಬಿಳಿ ದುಪಟ್ಟಾ ಎಲ್ಲವೂ ಕೆಂಪು. ಒಂದು ತುಂಬಿದ ಲಾರಿ ಹೋದರೆ ಅರ್ಧ ನಿಮಿಷ ಎದುರಿನ ಝೆರಾಕ್ಸ್ ಅಂಗಡಿ ಕಾಣುತ್ತಿರಲಿಲ್ಲ.

ಮಾಮಾ ಬಂದಾಗ ಒಂದೂ ಕಾಲು. ಬೆಳಗಿನ ಪರೀಕ್ಷೆ ಮುಗಿದಿತ್ತು, ಎರಡು ಗಂಟೆಗೆ ಇನ್ನೊಂದು. ಒಂದೂ ಮುಕ್ಕಾಲಿಗೆ ನಾನು ಪ್ರಶ್ನೆಪತ್ರಿಕೆ ಪಡೆಯಲು ಆಫೀಸಿನಲ್ಲಿರಬೇಕು. ಗೇಟಿನ ಒಳಗೆ ಕಾವಲುಗಾರನ ಮೇಜಿತ್ತು. ಅಲ್ಲಿ ಕೊಡೆ ಒರಗಿಸಿ, ಹಳದಿ ಫೈಲು ತೆರೆದು, ಕರ್ಚೀಫಿನಿಂದ ಮೇಜಿನ ಕೆಂಪು ಧೂಳು ಒರೆಸಿದರು.

"ಓದು ಮೊದಲು."

"ಓದಿದ್ದೇನೆ ಮಾಮಾ, ಟೈಮಿಲ್ಲ."

"ಹೆಸರಾದ್ರೂ ಓದು ಮಾರಾಯ್ತಿ. ಬೆಳಗ್ಗೆ ಆರು ಗಂಟಿಯಿಂದ ಆ ಕೆಫೆಯವನ ಮನೆ ಬಾಗ್ಲು ಬಡಿದದ್ದು ಅದಕ್ಕೇ."

ಓದಿದೆ. ನಾಗವೇಣಿ. ಅವರು ಉಗುರು ಒತ್ತಿ ಗೆರೆ ಎಳೆದರು. ನಾನು ಪೆನ್ನು ತೆಗೆದುಕೊಂಡು, ಗೆರೆಯ ಮೇಲೆ, ಅನುರಾಧಾ ಎಂದು ಸಹಿ ಹಾಕಿದೆ.

ಹಾಕಿ ಮುಗಿದ ಮೇಲೆ ನನಗೇ ತಿಳಿಯಿತು. ಯಾರೂ ಒತ್ತಾಯ ಮಾಡಿರಲಿಲ್ಲ. ಮೂರು ವಾರದಿಂದ ಆ ಒಂದು ಹೆಸರಿಗಾಗಿ ಮೇಲೆ ಕೆಳಗೆ ಜಗಳವಾಡಿ, ಕೊನೆಗೆ ನನ್ನ ಕೈಯೇ ಅದನ್ನು ಬರೆಯಲಿಲ್ಲ. ನಾನು ಅಳುವಂತಾದೆ. ಮಾಮಾ ನಕ್ಕರು. ಬಾಯಿ ತುಂಬ, ಎಲೆಯಡಿಕೆಯ ಕೆಂಪು ಹಲ್ಲು ಕಾಣುವಂತೆ.

"ಗಂಡನ ಕೈ ಚಾಳಿ ನಿಂಗೂ ಹಿಡೀತಲ್ಲೆ!"

"ಇದನ್ನು ಹೊಡೆದು ಪಕ್ಕದಲ್ಲಿ ಹಾಕಿಬಿಡ್ಲಾ ಮಾಮಾ?"

ಈ ಪ್ರಶ್ನೆ ನನ್ನಲ್ಲಿ ದಿನವೂ ಏಳುತ್ತದೆ. ಹೊಡೆದು ಪಕ್ಕದಲ್ಲಿ ಹಾಕಿದ್ದರೆ ಸಾಕಾಗುತ್ತಿತ್ತು. ಯಾವ ದೇಶದ ಯಾವ ಕಚೇರಿಯೂ ಅದಕ್ಕಾಗಿ ಕಾಗದ ತಿರಸ್ಕರಿಸುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

"ಬ್ಯಾಡ. ನಿನ್ನ ಹೆಸರಲ್ಲಿ ನಾ ಮಾಡಿದ ಮೊದಲನೇ ಕಾಗದ ಇದು. ಗೀಚಿದ್ದು ಹೋಗೂದು ಬ್ಯಾಡ. ತಡಿ, ಎರಡು ನಿಮಿಷದ ಕೆಲಸ."

ಗುಮಾಸ್ತರ ಒಂದು ಉಪಾಯವಿದೆ. ತಪ್ಪು ಸಹಿಯ ಮೇಲೆ ಬಿಳಿ ಚೀಟಿ ಇಟ್ಟು ಝೆರಾಕ್ಸ್ ತೆಗೆದರೆ ಹೊಸ ಕಾಗದ ಸಿಗುತ್ತದೆ, ಸಹಿಯ ಜಾಗ ಖಾಲಿಯಾಗಿ. ಅವರು ಜೇಬಿನಿಂದ ಬಸ್ ಟಿಕೇಟು ತೆಗೆದು, ಅದರ ಹಿಂಬದಿ ಬಿಳಿಯಿದೆಯೆಂದು ನನಗೆ ತೋರಿಸಿ ಕಣ್ಣು ಮಿಟುಕಿಸಿ, ಕಾಗದ ಹಿಡಿದು ರಸ್ತೆ ದಾಟಿದರು. ಕೊಡೆ ಮೇಜಿಗೇ ಒರಗಿತ್ತು.

ಅಂಗಡಿಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಾನು ಗೇಟಿನ ಹೊರಗೆ ನಿಂತು ಗಡಿಯಾರ ನೋಡುತ್ತಿದ್ದೆ. ಒಂದೂ ನಲವತ್ತು. ಅವರು ಕೌಂಟರಿನ ಮೇಲೆ ಬಗ್ಗಿ ಏನೋ ಮಾಡುತ್ತಿದ್ದುದು ಕಂಡಿತು. ಹೊಸ ಕಾಗದಕ್ಕೆ ಅಲ್ಲೇ ಉಗುರಿನ ಗೆರೆ ಎಳೆಯುತ್ತಿದ್ದರೆಂದು ಆಮೇಲೆ ತಿಳಿಯಿತು, ನನಗೆ ತಡವಾಗದಿರಲೆಂದು. ಎರಡೂ ಕಾಗದ ಹಿಡಿದು ರಸ್ತೆಯಂಚಿಗೆ ಬಂದರು. ತುಂಬಿದ ಲಾರಿ ಬಂತು, ನಿಂತರು. ಅದು ಹೋಯಿತು. ಅದರ ಹಿಂದೆ ಕೆಂಪು ಧೂಳಿನ ಗೋಡೆ ಎದ್ದಿತು. ಅದರೊಳಗಿಂದ ಅವರು ಹೊರಬಂದರು, ರಸ್ತೆಯ ನಡುವಿನವರೆಗೆ.

ನಾನು ಕಾಗದ ತೆಗೆದುಕೊಳ್ಳಲೆಂದು ರಸ್ತೆಗೆ ಕಾಲಿಟ್ಟೆ. ಬಲಕ್ಕೆ ನೋಡಲಿಲ್ಲ. ನೋಡಿದ್ದರೂ ಧೂಳು.

ಅವರು ನೋಡಿದರು. ಅವರ ಮುಖ ಬದಲಾದದ್ದು ನನಗೆ ಕಂಡಿತು. "ಅಲ್ಲೇ ನಿಲ್ಲು ನಾಗವೇಣಿ!" ಅಂದರು.

ರಸ್ತೆಯ ಮೇಲೆ, ಜನರೆದುರು, ಆ ಹೆಸರಿನಿಂದ. ನಾನು ನಿಂತೆ. ಬೇರೆ ಹೆಸರಿಗೆ ನಿಲ್ಲುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಅವರು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ನನ್ನನ್ನು ತಡೆಯುವಂತೆ ಕೈ ಮುಂದೆ ಚಾಚಿ ಒಂದು ಹೆಜ್ಜೆ ಮುಂದಿಟ್ಟರು. ಖಾಲಿ ಲಾರಿಯ ಬದಿ ನನ್ನ ಮೂಗಿನ ಮುಂದಿನಿಂದ ಹಾದುಹೋಯಿತು. ತಗಡಿನ ಬಿಸಿ ಮುಖಕ್ಕೆ ತಟ್ಟಿತು. ಈಗಲೂ ಎಷ್ಟೋ ಸಲ ಅದು ಹಾದುಹೋಗುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಮುಗಿದಾಗ ಅವರು ನಿಂತಿದ್ದ ಜಾಗದಲ್ಲಿ ಇರಲಿಲ್ಲ.

ರಕ್ತ ಹೆಚ್ಚಿರಲಿಲ್ಲ. ಅದೇ ನಮಗೆ ಮೋಸ ಮಾಡಿತು. ಝೆರಾಕ್ಸ್ ಅಂಗಡಿಯ ಹೆಂಗಸು, ಕಾವಲುಗಾರ, ಇಬ್ಬರು ವಿದ್ಯಾರ್ಥಿಗಳು ಸೇರಿ ಒಂದು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದೆವು. ಆ ಹೆಂಗಸು ರಸ್ತೆಯಿಂದ ಎರಡು ಕಾಗದ, ಆ ಬಸ್ ಟಿಕೇಟು ಆರಿಸಿ ನನ್ನ ಕೈಗೆ ತುರುಕಿದ್ದಳು. ಹಿಡಿದದ್ದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಒಳಗೆ ಪೆಟ್ಟಾಗಿದೆ, ದಕ್ಷಿಣಕ್ಕೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು, ಆಂಬುಲೆನ್ಸಿಗೆ ಹೇಳಿದ್ದೇನೆ ಎಂದರು. ಮಾಮಾ ಎಚ್ಚರವಾಗಿದ್ದರು. ಕನ್ನಡಕ ಇರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

"ಹಾಕಿದ್ಯಾ?"

"ಏನು ಮಾಮಾ?"

"ಸಹಿ."

"ಈಗ ಅದೆಲ್ಲ ಬೇಡ ಮಾಮಾ. ಆಮೇಲೆ ಹಾಕ್ತೆ. ಮೊದಲು ನೀವು..."

"ಈಗ. ನಾ ನೋಡ್ಬೇಕು."

ಸಿರಿಂಜು ಇಡುವ ಸ್ಟೀಲಿನ ತಾಟನ್ನು ತಿರುಗಿಸಿ ಅದರ ಮೇಲೆ ಕಾಗದ ಇಟ್ಟೆ. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗಿದ್ದವು. ಬೆರಳಿನಿಂದ ತಡವಿದೆ. ಗೆರೆ ಸಿಕ್ಕಿತು, ಅಂಟಿಕೊಂಡ ಎರಡು ಗೆರೆಗಳು. ಅವುಗಳ ಮೇಲೆ ನಾಗವೇಣಿ ಎಂದು ಬರೆದೆ. ಮಕ್ಕಳು ಬರೆಯುವ ಹಾಗೆ, ಒಂದೊಂದಾಗಿ. ಅವರು ಕತ್ತು ಚೂರು ಎತ್ತಿ ಕೊನೆಯ ಅಕ್ಷರದವರೆಗೂ ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಏನು ಕಂಡಿತೋ ನಾನರಿಯೆ.

"ಹಾಂ. ನೋಡ್ದೆ," ಅಂದರು.

ತಲೆ ಕೆಳಗಿಟ್ಟರು. ಆಮೇಲೆ ಎಂದಿನ ಗದರುವ ದನಿಯಲ್ಲಿ, "ನಡಿ ನಡಿ, ರಿಜಿಸ್ಟರ್ ಪೋಸ್ಟ್ ಮೂರಕ್ಕೆ ಮುಚ್ತದೆ."

ನಾನು ಹೋದೆ. ಇದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಮಾಮಿ ಕಾರವಾರದಿಂದ ಇನ್ನೂ ಬಂದಿರಲಿಲ್ಲ. ಮಾಮಾನ ಪಕ್ಕದಲ್ಲಿದ್ದ ಸ್ವಂತದವಳು ನಾನೊಬ್ಬಳೇ. ಆದರೂ ಕಾವಲುಗಾರನನ್ನು ಮಂಚದ ಬಳಿ ನಿಲ್ಲಿಸಿ, ಅವನು ತಂದಿದ್ದ ಫೈಲು ಎದೆಗೆ ಅವುಚಿಕೊಂಡು ಅಂಚೆ ಕಚೇರಿಗೆ ಓಡಿದೆ. ಪಕ್ಕದ ಅಂಗಡಿಯಲ್ಲಿ ಒಂದು ನಕಲು ತೆಗೆಸಿದೆ. ಗಂಡನ ಲಕೋಟೆ, ನನ್ನ ಲಕೋಟೆ, ಎರಡೂ ಬೇರೆ ಬೇರೆ. ಅಂಚೆಯವರು ತೂಗಿದರು, ಚೀಟಿ ಅಂಟಿಸಿದರು, ಮುದ್ರೆ ಬಡಿದರು. ನಾನು ಅಲ್ಲಿ ನಿಂತು ಮುದ್ರೆಯ ತಾರೀಖು ಸ್ಪಷ್ಟ ಬಿದ್ದಿದೆಯೇ ಎಂದು ಪರೀಕ್ಷಿಸಿದೆ. ಅವರು ಕಲಿಸಿದ್ದರು, ಹಾಗೆ ನೋಡಬೇಕೆಂದು.

ಮರಳಿ ಬಂದಾಗ ಮಂಚ ಖಾಲಿಯಿತ್ತು. ಆಂಬುಲೆನ್ಸು ಬೇಗ ಬಂದಿತ್ತಂತೆ. ಕಾವಲುಗಾರ ಜೊತೆಗೆ ಹೋಗಿದ್ದ. ಕುಮಟೆ ದಾಟುವ ಮೊದಲೇ ಅವರು ಹೋದರು. ದಾರಿಯಲ್ಲಿ ಏನಾದರೂ ಹೇಳಿದರೇ ಎಂದು ಕಾವಲುಗಾರನನ್ನು ನಾನು ಆಮೇಲೆ ಎಷ್ಟು ಸಲ ಕೇಳಿದೆನೋ! "ಇಲ್ಲಕ್ಕಾ, ಎಂತದೂ ಇಲ್ಲ. ಒಂದು ಸಲ ಕೊಡೆ ಎಲ್ಲಿ ಅಂತ ಕೇಳಿದ್ರು," ಎಂದ. ಪ್ರತಿ ಸಲವೂ ಅಷ್ಟೇ.

ನನ್ನ ಗಂಡ ಹನ್ನೆರಡು ದಿನವೂ ಕೆಳಮನೆಯಲ್ಲೇ ಇದ್ದ. ಅಡುಗೆಗೆ ನೀರು ಸೇದಿದ, ಬಂದವರಿಗೆ ಕುರ್ಚಿ ಹಾಕಿದ. ಹದಿಮೂರನೆಯ ದಿನ ಮಾಳಿಗೆಗೆ ಬಂದು ಬ್ಯಾಂಕಿನ ಪುಸ್ತಕ, ಗ್ಯಾಸಿನ ಪುಸ್ತಕ ಎಲ್ಲವನ್ನೂ ನನ್ನ ಮುಂದಿಟ್ಟ. "ಇನ್ನು ಇವನ್ನೆಲ್ಲ ನೀನೇ ನೋಡ್ಕೋ," ಅಂದ.

ಜೂನ್‌ನಲ್ಲಿ ಚೆನ್ನೈಗೆ ಹೋದೆ. ಕಿಟಕಿಯಾಚೆಯ ಅಧಿಕಾರಿ ಅಂಚೆಯ ರಶೀದಿ, ಫಾರ್ಮಿನ ನಕಲು ನೋಡಿ, "ಇದು ನಿಮ್ಮ ಸಹಿಯೇ?" ಎಂದು ಕೇಳಿದಳು. ಆಕೆಗೆ ಅದು ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಹೌದು ಎಂದೆ. ಇದಕ್ಕೆ ಸಾಕ್ಷಿಯೂ ಒಬ್ಬರಿದ್ದರು ಎಂದು ಹೇಳಲಿಲ್ಲ. ವೀಸಾ ಸಿಕ್ಕಿತು. ಹೋದೆ, ಒಂದು ವರ್ಷ ಕಲಿತೆ, ಬಂದೆ. ಈಗ ಕಲಿಸುತ್ತಿದ್ದೇನೆ. ಕರಾವಳಿಯಿಂದ ಹೀಗೆ ಗಂಡ ಹೆಂಡತಿ ಹೋಗಿ ಬಂದವರು ಫಾರ್ಮು ಹಿಡಿದು ನನ್ನ ಹತ್ತಿರ ಬಂದರೆ ಇಬ್ಬರನ್ನೂ ಕೂಡಿಸಿಕೊಂಡು, ಬೇರೆ ಬೇರೆ ಕಾಗದ ಕೊಡುತ್ತೇನೆ. ರಸ್ತೆಯ ಆಚೆಯಿಂದ ಯಾರಾದರೂ ನನ್ನತ್ತ ಬರುತ್ತಿದ್ದರೆ ಮಾತ್ರ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಸರಿಯಾದ ಕಾಗದ ಸಮುದ್ರದಾಚೆ ಹೋಯಿತು. ಅದರ ನಕಲು ನನ್ನಲ್ಲಿದೆ, ಆದರೆ ಝೆರಾಕ್ಸಿನಲ್ಲಿ ಉಗುರಿನ ಗೆರೆ ಮೂಡುವುದಿಲ್ಲ. ಮೂಡಿರುವುದು ನನ್ನ ಸಹಿ ಮತ್ತು ರಸ್ತೆಯ ಮಣ್ಣಿನ ಒಂದು ಬೂದು ಕಲೆ. ಗೆರೆ ಉಳಿದಿರುವುದು ತಪ್ಪು ಕಾಗದದ ಮೇಲೆ. ಆ ಮಧ್ಯಾಹ್ನ ನಾನು ಅನುರಾಧಾ ಎಂದು ಬರೆದ ಹಾಳೆ ಇನ್ನೂ ಹಳದಿ ಫೈಲಿನಲ್ಲಿದೆ, ಜೊತೆಗೆ ಹಿಂಬದಿ ಬಿಳಿಯಿರುವ ಕಾರವಾರ-ಅಂಕೋಲೆ ಬಸ್ ಟಿಕೇಟು. ವರ್ಷಕ್ಕೊಮ್ಮೆ ತೆಗೆಯುತ್ತೇನೆ. ಓದುವುದಿಲ್ಲ. ಕಣ್ಣು ಮುಚ್ಚಿ, ಆ ಹೆಸರಿನ ಕೆಳಗೆ ಬೆರಳಾಡಿಸುತ್ತೇನೆ. ಗೆರೆ ಪ್ರತಿ ವರ್ಷ ಇಷ್ಟಿಷ್ಟೇ ಸಪಾಟಾಗುತ್ತಿದೆ. ಇನ್ನೂ ಸಿಗುತ್ತದೆ.